‘ಲಾಗಿನ್’ ಎಂದರೆ ಪ್ರವೇಶವಲ್ಲ

ಮಾನ್ಯರೇ,

ಕಾಲೇಜಿನ ಜಾಲತಾಣದ ಗುಂಡಿಯ ಮೇಲೆ ಹಾಕಲು ‘ಲಾಗಿನ್’ಗೆ ಕನ್ನಡ ಪದ ನಾಳೆಯೊಳಗೆ ಬೇಕೆಂದು ಕೇಳಿದ್ದೀರಿ. ‘ಲಾಗಿನ್ ಆಗಿ’ ಎಂದೇ ಬರೆಸಿ. ನಿಮಗೆ ಈಗಾಗಲೇ ಬಂದ ಉತ್ತರಗಳಲ್ಲಿ, ಪರಭಾಷೆಯ ಪದ ಕೂಡದೆಂದವರು ಮುಂದಿಟ್ಟಿರುವ ‘ಪ್ರವೇಶ’ ಬೇಡ. ಹಿಂದಿನ ಉತ್ತರದಲ್ಲಿ ಸೂಚಿಸಿರುವ ‘ಒಳನಡೆ, ಹೊರನಡೆ’ ಜೋಡಿಯಂತೂ ಬೇಡವೇ ಬೇಡ. ಪತ್ರಿಕೆ ಓದುವವರಿಗೆ ‘ಹೊರನಡೆದರು’ ಎಂದರೆ ಪ್ರತಿಭಟಿಸಿ ಸಭೆ ಬಿಟ್ಟು ಹೋದರು ಎಂದೇ ಅರ್ಥ. ‘ಹೊರನಡೆಯಿರಿ’ ಎಂದು ಆಜ್ಞಾರ್ಥದಲ್ಲಿ ಹೇಳಿದರೆ ಮನೆಯಿಂದ ಆಚೆ ಹಾಕಿದಂತೆ.

‘ಪ್ರವೇಶ’ದ ತೊಡಕನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಳೆದ ವರ್ಷ ನೆರೆಮನೆಯ ಹುಡುಗಿಯ ಕಾಲೇಜು ಅರ್ಜಿ ತುಂಬಿಸಲು ಕೂತಾಗ, ಒಂದೇ ಪುಟದಲ್ಲಿ ಎರಡು ಕಡೆ ‘ಪ್ರವೇಶ’ ಎಂದಿತ್ತು. ಮೇಲಿನದು ಸೀಟು ಪಡೆಯುವ ಪ್ರವೇಶ, ಕೆಳಗಿನದು ಲಾಗಿನ್. ಆ ಹುಡುಗಿ ನಾಲ್ಕು ಸಲ ಮೇಲಿನದನ್ನೇ ಒತ್ತಿದಳು, ನಾಲ್ಕು ಸಲವೂ ಶುಲ್ಕದ ಪಟ್ಟಿಯೇ ತೆರೆದುಕೊಂಡಿತು. ತಪ್ಪು ಅವಳದಲ್ಲ.

ಈ ಇಂಗ್ಲಿಷ್ ಕ್ರಿಯಾಪದದ ತಿರುಳು ಬಾಗಿಲು ದಾಟುವುದಲ್ಲ, ಪುಸ್ತಕದಲ್ಲಿ ಬರೆಸಿಕೊಳ್ಳುವುದು. ‘ಲಾಗ್’ ಎಂದರೆ ಮೊದಲಿಗೆ ಮರದ ತುಂಡು. ಹಾಯಿಹಡಗಿನ ವೇಗ ಅಳೆಯಲು ನಾವಿಕರು ಹಡಗಿನ ಹಿಂಬದಿಯಿಂದ ಹಗ್ಗ ಕಟ್ಟಿದ ಹಲಗೆಯ ತುಂಡೊಂದನ್ನು ನೀರಿಗೆ ಎಸೆಯುತ್ತಿದ್ದರು. ಅದರ ಒಂದು ಅಂಚಿಗೆ ಸೀಸ ಕೂರಿಸಿರುತ್ತಿದ್ದುದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಂತು, ಇದ್ದಲ್ಲೇ ಇರುತ್ತಿತ್ತು. ಹಡಗು ಮುಂದೆ ಸಾಗಿದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. 28 ಸೆಕೆಂಡಿನ ಮರಳುಗಡಿಯಾರ ಬರಿದಾಗುವಷ್ಟರಲ್ಲಿ, 47 ಅಡಿ 3 ಅಂಗುಲಕ್ಕೊಂದರಂತೆ ಹಾಕಿದ ಗಂಟುಗಳಲ್ಲಿ ಎಷ್ಟು ಕೈಯಿಂದ ಜಾರಿದವೋ ಅಷ್ಟು ‘ನಾಟ್’ (ಇಂಗ್ಲಿಷಿನಲ್ಲಿ ಗಂಟು) ವೇಗ. ಆ ಲೆಕ್ಕವನ್ನು ಬರೆದಿಡುವ ಪುಸ್ತಕಕ್ಕೂ ಅದೇ ಮರದ ತುಂಡಿನ ಹೆಸರು ಅಂಟಿತು, ಆಮೇಲೆ ಪುಸ್ತಕದಲ್ಲಿ ಬರೆಯುವ ಕೆಲಸವೇ ‘ಲಾಗ್’ ಎನಿಸಿತು. 1961ರಲ್ಲಿ ಅಮೆರಿಕದ ಎಂಐಟಿ ಎಂಬ ತಂತ್ರಜ್ಞಾನ ವಿದ್ಯಾಸಂಸ್ಥೆಯಲ್ಲಿ ಪ್ರದರ್ಶನಗೊಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದರು. ಅದರ ಆಜ್ಞೆಗಳಲ್ಲಿ ‘ಲಾಗಿನ್’, ‘ಲಾಗೌಟ್’ ಎರಡೂ ಇದ್ದವು. ಯಾರು ಎಷ್ಟು ಹೊತ್ತು ಯಂತ್ರ ಬಳಸಿದರು ಎಂಬ ಲೆಕ್ಕ ಇಡಬೇಕಾದ ಕಡೆ, ‘ನಾನು ಬಂದೆ, ಬರೆದುಕೊ’ ಎನ್ನುವುದೇ ಈ ಮಾತಿನ ಸಹಜ ಅರ್ಥ.

‘ಪರಭಾಷೆಯ ಪದ ಕನ್ನಡದ ಪರದೆಯ ಮೇಲೆ ಬರಕೂಡದು’ ಎಂದವರಿಗೆ ಒಂದು ಮಾತು. ನೀವು ಮುಂದಿಟ್ಟ ‘ಪ್ರವೇಶ’ ಸಂಸ್ಕೃತದ್ದು. ನಿಮ್ಮ ಉತ್ತರದಲ್ಲಿ ನೀವೇ ಬಳಸಿದ ‘ದಾಖಲು’ ಅರಬ್ಬಿಯದು, ಅಲ್ಲಿ ಅದರ ಅರ್ಥ ಒಳಹೊಗುವುದು. ಕನ್ನಡದಲ್ಲಿ ಅದು ಎರಡು ಕವಲಾಗಿದೆ: ರೋಗಿ ಆಸ್ಪತ್ರೆಗೆ ದಾಖಲಾಗುತ್ತಾನೆ, ದೂರು ಠಾಣೆಯಲ್ಲಿ ದಾಖಲಾಗುತ್ತದೆ. ಒಳಹೊಗುವುದು, ಬರೆದುಕೊಳ್ಳುವುದು ಎರಡನ್ನೂ ಒಂದೇ ಪದದಲ್ಲಿ ಹಿಡಿದಿರುವುದರಿಂದ ‘ಲಾಗಿನ್’ಗೆ ಇದರಷ್ಟು ಹತ್ತಿರದ ಮಾತು ನಮ್ಮಲ್ಲಿ ಇನ್ನೊಂದಿಲ್ಲ ಎಂದು ನಾನು ಬಹಳ ಕಾಲದಿಂದ ನಂಬಿದ್ದೇನೆ. ಆದರೂ ಕಾಲೇಜಿನ ಪುಟದಲ್ಲಿ ‘ದಾಖಲಾಗಿ’ ಎಂದು ಬರೆದರೆ ಅದೇ ಸೀಟಿನ ಗೊಂದಲ ಮರುಕಳಿಸುತ್ತದೆ. ಆದ್ದರಿಂದ ನನ್ನ ಇಷ್ಟದ ಪದವನ್ನು ನಾನೇ ಇಲ್ಲಿ ಬದಿಗಿಡುತ್ತೇನೆ.

ಎರವಲು ಪದ ಕನ್ನಡದ್ದಾಯಿತೋ ಇಲ್ಲವೋ ಎಂಬುದನ್ನು ನಮ್ಮ ಕ್ರಿಯಾಪದ ಹೇಳುತ್ತದೆ. ಹಾಜರು ಆಗುತ್ತೇವೆ, ದಾಖಲು ಆಗುತ್ತೇವೆ; ಜನ ಯಾರ ಅಪ್ಪಣೆಗೂ ಕಾಯದೆ ‘ಲಾಗಿನ್ ಆದೆ’ ಎನ್ನುತ್ತಿದ್ದಾರೆ. ಇಂಗ್ಲಿಷಿನಲ್ಲಿ ಕ್ರಿಯೆಯಾದಾಗ ಬಿಡಿಸಿ, ನಾಮಪದವಾದಾಗ ಕೂಡಿಸಿ ಬರೆಯುವ ಕಟ್ಟುಪಾಡು ನಮಗೆ ಬೇಕಿಲ್ಲ, ಏಕೆಂದರೆ ನಮ್ಮಲ್ಲಿ ಅದು ಯಾವಾಗಲೂ ನಾಮಪದ, ಕ್ರಿಯೆಯ ಕೆಲಸ ‘ಆಗು’ವಿನದು. ತಾನೇ ತನ್ನ ಖಾತೆ ತೆರೆಯುವವನಿಗೆ ‘ಲಾಗಿನ್ ಮಾಡಿ’ ಎನ್ನುವುದಕ್ಕಿಂತ ‘ಆಗಿ’ ಎನ್ನುವುದೇ ನನ್ನ ಕಿವಿಗೆ ಒಪ್ಪುತ್ತದೆ.

ಹಾಗಾಗಿ ಗುಂಡಿಯ ಮೇಲೆ ‘ಲಾಗಿನ್ ಆಗಿ’, ಮುಗಿಸುವಲ್ಲಿ ‘ಲಾಗೌಟ್ ಆಗಿ’, ಹೊಸಬರಿಗೆ ‘ಹೊಸ ಖಾತೆ ತೆರೆಯಿರಿ’ ಎಂದಿರಲಿ. ‘ಲಾಗ್ ಇನ್’ ಎಂದು ಬಿಡಿಸಿ ಬರೆಸಬೇಡಿ. ಕಿರಿದಾದ ಗುಂಡಿಯಲ್ಲಿ ‘ಇನ್’ ಎರಡನೆಯ ಸಾಲಿಗೆ ಜಾರುತ್ತದೆ.