ಅಪ್‌ಡೇಟ್: ಎಂ730 ಕ್ರ್ಯಾಂಕ್‌ಗೆ 122.5 ಎಂಎಂ ಆಕ್ಸಲ್ಲೇ ಸರಿಹೋಯ್ತು

ಹಳೇ ಎಂಟಿಬಿಗೆ (ಮೌಂಟನ್ ಬೈಕ್ ಸೈಕಲ್ಲು) ಶಿಮಾನೋ ಡಿಯೋರ್ ಎಕ್ಸ್‌ಟಿ ಎಂ730 ಕ್ರ್ಯಾಂಕ್ (ಪೆಡಲ್ ತೋಳು, ಹಲ್ಲಿನ ರಿಂಗ್‌ಗಳ ಸೆಟ್ಟು) ಹಾಕಿದ್ರೆ ಒಳಗಿನ ಚಿಕ್ಕ ರಿಂಗ್ ಚೈನ್‌ಸ್ಟೇಗೆ (ಹಿಂದಿನ ಚಕ್ರದ ಕಡೆ ಹೋಗೋ ಫ್ರೇಮಿನ ಕೊಳವೆ) ಉಜ್ತಿದೆ ಅಂತ ಕೇಳಿದ್ನಲ್ಲ, ಅದು ಬಗೆಹರೀತು. ಗಾಡಿ ಜೊತೆ ಬಂದಿದ್ದ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗೋ ಆಕ್ಸಲ್, ಬೇರಿಂಗ್ ಸೆಟ್ಟು) ಬಿಚ್ಚಿ ಗ್ರೀಸ್ ಒರೆಸಿ ನೋಡಿದ್ರೆ 68-113 ಅಂತಿತ್ತು, ಅಂದ್ರೆ ಅದು ಕೂರೋ ಫ್ರೇಮಿನ ಶೆಲ್ 68 ಎಂಎಂ, ಆಕ್ಸಲ್ 113. ಅದರ ಜಾಗಕ್ಕೆ 122.5ರ ಶಿಮಾನೋ ಯುಎನ್55 ಬಾಟಮ್ ಬ್ರಾಕೆಟ್ ಹಾಕ್ದೆ. ಉದ್ದ 9.5 ಜಾಸ್ತಿ ಆದ್ರೂ ಎರಡೂ ಕಡೆ ಹಂಚಿಹೋಗೋದ್ರಿಂದ ಚೈನ್ ಕಡೆಗೆ ಸಿಗೋದು ಅದರಲ್ಲಿ ಅರ್ಧ ಅಷ್ಟೇ, ಆದ್ರೂ ಸಾಕಾಯ್ತು, ಸೀಟ್ ಟ್ಯೂಬ್ ಮಧ್ಯದಿಂದ ನಡುವಿನ ರಿಂಗ್‌ವರೆಗೆ ಅಳೆದ್ರೆ ಈಗ ಹೆಚ್ಚುಕಮ್ಮಿ 47.5 ಬರ್ತಿದೆ, ಟ್ರಿಪಲ್‌ಗೆ (ಮೂರು ರಿಂಗಿನ ಕ್ರ್ಯಾಂಕು) ಬೇಕಾಗಿದ್ದೂ ಅದೇ.

107ರ ಆಕ್ಸಲ್ ಹಾಕಿ ಅಂದವ್ರಿಗೆ, ಅದು ಆಮೇಲೆ ಬಂದ ಎಂ737ಗೆ ಗುರೂ. ಎರಡೂ ಎಕ್ಸ್‌ಟಿನೇ, ಚೌಕ ತೂತೂ ಒಂದೇ ಥರ, ಆದ್ರೆ ಹೊಸದ್ರಲ್ಲಿ ತೋಳು ಜಾಸ್ತಿ ಹೊರಗೆ ಬಾಗಿರತ್ತೆ, ಎಂ730ದು ಅಷ್ಟು ಬಾಗಿಲ್ಲ, ಅದಕ್ಕೇ ಇದನ್ನ 107ಕ್ಕೆ ಕೂರಿಸಿದ್ರೆ ಫ್ರೇಮ್ ಕೆರೆದು ಹಾಕತ್ತೆ. ಹೆಸರು ನೋಡಿ ತಗೋಬೇಡಿ, ತೋಳಿನ ಹಿಂದೆ ಕೆತ್ತಿರೋ ನಂಬರ್ ನೋಡಿ.

ಇನ್ನೊಂದು, ಬಾಟಮ್ ಬ್ರಾಕೆಟ್ಟಿನ ಬಲಗಡೆದು ಉಲ್ಟಾ ಥ್ರೆಡ್ಡು, ಅಂಗಡಿ ಹುಡುಗ ಮಾಮೂಲಿ ಕಡೆ ತಿರುಗಿಸಿ ಇನ್ನೂ ಬಿಗಿ ಮಾಡ್ತಿದ್ದ. ಕ್ರ್ಯಾಂಕ್ ಹೊರಗೆ ಬಂದಿದ್ದಕ್ಕೆ ಫ್ರಂಟ್ ಡಿರೇಲರ್ (ಮುಂದಿನ ರಿಂಗ್‌ಗಳ ಮೇಲೆ ಚೈನ್ ಸರಿಸೋ ಭಾಗ) ಲಿಮಿಟ್ ಸ್ಕ್ರೂ ಮತ್ತೆ ಸೆಟ್ ಮಾಡ್ಬೇಕಾಯ್ತು, ಬೇರೆ ಏನೂ ಮುಟ್ಟಿಲ್ಲ.