ಸ್ಟ್ರಾಟೋಕಾಸ್ಟರ್‌ನ ಬಣ್ಣ ಚಕ್ಕೆಯೆದ್ದಿದೆ: ಸರಿಪಡಿಸಬೇಕೇ, ಹಾಗೆಯೇ ಬಿಡಬೇಕೇ?

ಪ್ರಶ್ನೆ:
ನನ್ನ ಬಳಿ ಮೆಕ್ಸಿಕೋದಲ್ಲಿ ತಯಾರಾದ, ತಿಳಿನೀಲಿ ಬಣ್ಣದ ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಎಲೆಕ್ಟ್ರಿಕ್ ಗಿಟಾರ್ ಇದೆ. ಅಭ್ಯಾಸದ ಕೋಣೆಯಲ್ಲಿ ಅದು ಡ್ರಮ್ಸ್‌ನ ಸಿಂಬಲ್ ಸ್ಟ್ಯಾಂಡಿಗೆ ತಗುಲಿ, ಬಾಡಿಯ ಕೆಳ ಅಂಚಿನಲ್ಲಿ ಹುಣಸೆಬೀಜದಷ್ಟು ಅಗಲಕ್ಕೆ ಬಣ್ಣ ಕಿತ್ತು ಮರ ಕಾಣಿಸುತ್ತಿದೆ. ಕೈಯಲ್ಲಿ ಹಿಡಿಯುವ ಉದ್ದನೆಯ ನೆಕ್‌ನ ಹಿಂಬದಿಯಲ್ಲಿಯೂ ಐದನೆಯ ಫ್ರೆಟ್‌ನ (ಲೋಹದ ಅಡ್ಡಪಟ್ಟಿಯ) ಬಳಿ ಒಂದು ಸಣ್ಣ ಚಕ್ಕೆ ಎದ್ದಿದೆ. ಮಾರುವ ಯೋಚನೆ ನನಗಿಲ್ಲ. ಆದರೆ ಇದರಿಂದ ನಾದ ಕೆಡುತ್ತದೆಯೇ, ಮಂಗಳೂರಿನ ಮಳೆಗಾಲದ ತೇವ ಮರಕ್ಕೆ ಇಳಿಯುತ್ತದೆಯೇ, ಇಡೀ ಗಿಟಾರ್‌ಗೆ ಹೊಸದಾಗಿ ಬಣ್ಣ ಹೊಡೆಸುವುದು ಸರಿಯೇ ಎಂಬುದನ್ನು ತಿಳಿದವರು ಹೇಳಬೇಕು.

ಮೊದಲ ಉತ್ತರ:
ನಾದದ ಚಿಂತೆಯನ್ನು ಬಿಟ್ಟುಬಿಡಿ. ಘನ ಮರದ ಬಾಡಿಯ ಗಿಟಾರ್‌ನಲ್ಲಿ ಪಿಕಪ್ (ತಂತಿಗಳ ಕೆಳಗಿರುವ ಆಯಸ್ಕಾಂತದ ಭಾಗ) ಗ್ರಹಿಸುವುದು ತಂತಿಯ ಕಂಪನವನ್ನು. ಅಂಚಿನ ಒಂದು ಚಕ್ಕೆ ಅದನ್ನು ಬದಲಿಸಲಾರದು. ನಿಮ್ಮ ಎರಡು ಗಾಯಗಳನ್ನು ಒಂದೇ ಎಂದು ನೋಡಬೇಡಿ. ಬಾಡಿಯದು ಕಣ್ಣಿಗೆ ಸಂಬಂಧಿಸಿದ್ದು, ನೆಕ್‌ನದು ಕೈಗೆ ಸಂಬಂಧಿಸಿದ್ದು. ಹೆಬ್ಬೆರಳು ಪ್ರತಿ ಸಲ ಜಾರುವಾಗ ಅಲ್ಲಿ ತಡೆಯುತ್ತದೆ; ಅದಲ್ಲದೆ ಲೇಪನವಿಲ್ಲದ ಮೇಪಲ್ ಮರ ಬೆವರು ಮತ್ತು ಕೊಳೆಯನ್ನು ಹೀರಿ ಬೂದುಗಪ್ಪಾಗುತ್ತದೆ. ಅದನ್ನು ಮೊದಲು ಮುಚ್ಚಿ.

ಎರಡನೆಯ ಉತ್ತರ:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಏನಾದರೂ ಹಚ್ಚುವ ಮುನ್ನ ಲೇಪನ ಯಾವುದೆಂದು ತಿಳಿದಿರಬೇಕು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ಹಳೆಯ ಬಗೆಯ ಲೇಪನ ತನ್ನದೇ ದ್ರಾವಕದಲ್ಲಿ ಮತ್ತೆ ಕರಗುವುದರಿಂದ, ಹೊಸ ಲ್ಯಾಕರ್‌ನ ಹನಿ ಹಳೆಯ ಪದರದೊಂದಿಗೆ ಬೆಸೆದುಕೊಳ್ಳುತ್ತದೆ. 1960ರ ದಶಕದ ಕೊನೆಯ ವೇಳೆಗೆ ಫೆಂಡರ್ ಬಳಸತೊಡಗಿದ ಪಾಲಿಯೆಸ್ಟರ್ ಲೇಪನ ಹಾಗಲ್ಲ: ಅದು ಗಟ್ಟಿಯಾದ ಮೇಲೆ ಕರಗುವುದಿಲ್ಲ, ಸವೆಯುವ ಬದಲು ನಿಮ್ಮದರಂತೆ ಚಕ್ಕೆಚಕ್ಕೆಯಾಗಿ ಏಳುತ್ತದೆ. ಇದಕ್ಕೆ ಸೂಪರ್ ಗ್ಲೂ ಎಂದು ಕರೆಯುವ ಸಯನೋಅಕ್ರಿಲೇಟ್ ಅಂಟೇ ಸೂಕ್ತ. ಮೊದಲು ತೆಳು ಅಂಟನ್ನು ಚಕ್ಕೆಯ ಅಂಚಿನಲ್ಲಿ ಬಿಟ್ಟರೆ ಅದು ಸಡಿಲವಾದ ಪದರದ ಕೆಳಗೆ ಹರಿದು, ಸೀಳು ಮುಂದೆ ಹರಡದಂತೆ ಹಿಡಿಯುತ್ತದೆ. ಅನಂತರ ತುಸು ಮಂದವಾದ ಅಂಟನ್ನು ತೆಳ್ಳಗೆ ಹಂತಹಂತವಾಗಿ ತುಂಬಿ, ಸುತ್ತಲಿನ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ನಿಲ್ಲಿಸಿ. ಪೂರ್ತಿ ಒಣಗಿದ ಮೇಲೆ ಬ್ಲೇಡಿನ ಎರಡೂ ತುದಿಗೆ ಟೇಪು ಸುತ್ತಿ, ನಡುಭಾಗದಿಂದ ಮಾತ್ರ ಕೆರೆದು ಸಮ ಮಾಡಿ, 800ರಿಂದ 2000ದವರೆಗಿನ ಗ್ರಿಟ್‌ನ (ಸಂಖ್ಯೆ ಹೆಚ್ಚಿದಷ್ಟೂ ನುಣುಪಾದ) ಮರಳುಕಾಗದದಿಂದ ಉಜ್ಜಿ ಪಾಲಿಶ್ ಕೊಡಿ. ನೆಕ್‌ನ ಹಿಂಬದಿ ಮಂದ ಹೊಳಪಿನದಾಗಿದ್ದರೆ ಪಾಲಿಶ್ ಬೇಡ. ನೀರು ಹಚ್ಚಿ ಉಜ್ಜುವುದಾದರೆ, ಹೆಗಲಪಟ್ಟಿ ಸಿಕ್ಕಿಸುವ ಸ್ಟ್ರಾಪ್ ಗುಂಡಿಯ ತಿರುಪಿನ ತೂತಿಗೆ ನೀರು ಹೋಗಬಾರದು. ಮರ ಉಬ್ಬಿದರೆ ಸುತ್ತಲಿನ ಲೇಪನವೂ ಬಿರಿಯುತ್ತದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನೆಕ್ ಸರಿಪಡಿಸುತ್ತೇನೆ. ಬಾಡಿಗೆ ಉಗುರುಬಣ್ಣ ಹಚ್ಚಿ ನೀಲಿಯನ್ನು ಹೊಂದಿಸಬಹುದೇ?

ಮೂರನೆಯ ಉತ್ತರ:
ಹಚ್ಚಬಹುದು, ಆದರೆ ಕಪ್ಪು ಬಣ್ಣದಷ್ಟು ಸುಲಭವಾಗಿ ತಿಳಿನೀಲಿ ಹೊಂದುವುದಿಲ್ಲ. ಬಿಸಿಲು, ಬೆಳಕಿಗೆ ವರ್ಷಗಳಲ್ಲಿ ಮಾಸಿದ ಮೂಲ ಬಣ್ಣದ ಪಕ್ಕದಲ್ಲಿ ಹೊಸ ತೇಪೆ ಬರಿಯ ಮರಕ್ಕಿಂತ ಹೆಚ್ಚು ಎದ್ದು ಕಾಣಬಹುದು. ಬಣ್ಣ ಹಾಕಲೇಬೇಕೆಂದಿದ್ದರೆ ಅಕ್ರಿಲಿಕ್ ಬಣ್ಣವನ್ನು ಮಟ್ಟಕ್ಕಿಂತ ಕೆಳಗೇ ನಿಲ್ಲಿಸಿ, ಮೇಲೆ ಪಾರದರ್ಶಕ ಅಂಟು ತುಂಬಿ. ನಾನಾಗಿದ್ದರೆ ಅಂಚನ್ನು ಭದ್ರಪಡಿಸಿ, ಮರಕ್ಕೆ ಒಂದು ತೆಳು ಪದರ ಕೊಟ್ಟು, ಗುರುತನ್ನು ಹಾಗೆಯೇ ಉಳಿಸುತ್ತಿದ್ದೆ. ಇಡೀ ಬಾಡಿಗೆ ಮರುಬಣ್ಣ ಹೊಡೆಸುವುದನ್ನಂತೂ ಬಿಡಿ. ಮಳೆಗಾಲದಲ್ಲಿ ಲ್ಯಾಕರ್ ಸಿಂಪಡಿಸಿದರೆ ತೇವ ಪದರದೊಳಗೆ ಸಿಕ್ಕಿ ಬೆಳ್ಳಗೆ ಮಂಜುಗಟ್ಟುತ್ತದೆ. ಹಳೆಯ ವಾದ್ಯಗಳ ಮಾರುಕಟ್ಟೆಯಲ್ಲಿಯೂ ಸವೆದ ಮೂಲ ಬಣ್ಣಕ್ಕಿರುವ ಬೆಲೆ ಚೊಕ್ಕವಾದ ಮರುಬಣ್ಣಕ್ಕಿಲ್ಲ. ಐರ್ಲೆಂಡಿನ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರ 1961ರ ಸ್ಟ್ರಾಟೋಕಾಸ್ಟರ್‌ನ ಬಣ್ಣ ಬಹುಪಾಲು ಹೋಗಿದ್ದರೂ ಅವರು ಅದನ್ನೇ ನುಡಿಸುತ್ತಿದ್ದರು. ಅದು ಬೆವರಿಗೆ, ಬಳಕೆಗೆ ಸವೆದ ಹಳೆಯ ಲೇಪನ. ನಿಮ್ಮ ಪಾಲಿಯೆಸ್ಟರ್‌ಗೆ ಆ ರೂಪ ಬರುವುದಿಲ್ಲ, ಆದ್ದರಿಂದ ಆ ಆಸೆಯಿಂದ ಸಡಿಲವಾದ ಅಂಚನ್ನು ಹಾಗೆಯೇ ಬಿಡಬೇಡಿ.