ಸರಿಯಾಗಿ ಬರೆದ ‘ಚಂದ್ರ’ವನ್ನು ಫಾರ್ಮ್ ತಪ್ಪು ಅನ್ನುತ್ತಿದೆ, ಯಾಕೆ?

ಮೂರನೇ ಕ್ಲಾಸ್ ಟೀಚರ್:
ಎಲ್ಲರಿಗೂ ನಮಸ್ಕಾರ. ಟ್ಯಾಬ್‌ನಲ್ಲಿ ಆನ್‌ಲೈನ್ ಫಾರ್ಮ್ ಮೂಲಕ ಮಕ್ಕಳಿಗೆ ಕಿರುಪರೀಕ್ಷೆ ಕೊಟ್ಟಿದ್ದೆ. ‘ಭೂಮಿಯನ್ನು ಸುತ್ತುವ ಉಪಗ್ರಹ ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಟೈಪ್ ಮಾಡಬೇಕಿತ್ತು. 24 ಮಕ್ಕಳಲ್ಲಿ 9 ಜನರದ್ದು ತಪ್ಪು ಅಂತ ಬಂತು. ತೆರೆದು ನೋಡಿದರೆ ಎಂಟು ಜನ ‘ಚಂದ್ರ’ ಅಂತಲೇ ಬರೆದಿದ್ದಾರೆ! ಕೆಂಪು ಗುರುತು ನೋಡಿ ಒಬ್ಬ ಹುಡುಗ ಅತ್ತೇಬಿಟ್ಟ. ಅಂಕವನ್ನು ಕೈಯಿಂದ ತಿದ್ದಿದ್ದೇನೆ. ಆದರೆ ಹೀಗಾಗುವುದು ಯಾಕೆ?

ಕೀಲಿಮಣೆ:
ಮೇಡಂ, ಅದು ಅನುಸ್ವಾರದ ತೊಂದರೆ ಇರಬಹುದು. ಅನುಸ್ವಾರ ‘ಂ’ ಮತ್ತು ಕನ್ನಡ ಅಂಕಿ ‘೦’ ಬಹಳಷ್ಟು ಫಾಂಟ್‌ಗಳಲ್ಲಿ ಒಂದೇ ಥರ ಕಾಣುತ್ತವೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಮಕ್ಕಳದ್ದು ಇದರಲ್ಲಿ ತಪ್ಪೇನೂ ಇಲ್ಲ. ‘ಚ’ಕ್ಕೆ ಸೊನ್ನೆ ಕೊಟ್ಟರೆ ‘ಚಂ’ ಅಂತ ನಾವೇ ಹೇಳಿಕೊಡುತ್ತೇವೆ ಅಲ್ವಾ? ಅವರು ಸೊನ್ನೆಯನ್ನೇ ಹುಡುಕಿ ಒತ್ತಿದ್ದಾರೆ.

ಉತ್ತರಗಳನ್ನು ಸ್ಪ್ರೆಡ್‌ಶೀಟ್‌ಗೆ ತನ್ನಿ. ಮಿಡ್ ಫಂಕ್ಷನ್‌ನಿಂದ ಎರಡನೇ ಅಕ್ಷರ, ಅಂದರೆ ಆ ಸೊನ್ನೆಯನ್ನು ತೆಗೆದು ಯೂನಿಕೋಡ್ ಫಂಕ್ಷನ್‌ಗೆ ಕೊಡಿ. ಕಂಪ್ಯೂಟರ್ ಆ ಅಕ್ಷರಕ್ಕೆ ಬಳಸುವ ಸಂಖ್ಯೆಯನ್ನು ಅದು ಹೇಳುತ್ತದೆ. 3202 ಬಂದರೆ ಅನುಸ್ವಾರ, 3302 ಬಂದರೆ ಅಂಕಿ, 48 ಬಂದರೆ ಇಂಗ್ಲಿಷ್ ಸೊನ್ನೆ.

ಮೂರನೇ ಕ್ಲಾಸ್ ಟೀಚರ್:
ಆರು ಜನರದ್ದು 3302! ಇನ್ನಿಬ್ಬರದ್ದು 3202 ಸರಿಯಾಗೇ ಇದೆ. ಆದರೂ ತಪ್ಪು ಅನ್ನುತ್ತಿದೆಯಲ್ಲ?

ಕೀಲಿಮಣೆ:
ಅಕ್ಷರ ಎಣಿಸುವ ಲೆನ್ ಫಂಕ್ಷನ್ ಹಾಕಿ ನೋಡಿ. ‘ಚಂದ್ರ’ಕ್ಕೆ 5 ಬರಬೇಕು (ಚ, ಅನುಸ್ವಾರ, ದ, ಒತ್ತಕ್ಷರ ಮಾಡುವ ಚಿಹ್ನೆ, ರ). 6 ಬಂದರೆ ಕೊನೆಯಲ್ಲಿ ಖಾಲಿ ಜಾಗ ಇರಬಹುದು. ಕೀಬೋರ್ಡ್ ತೋರಿಸುವ ಪದವನ್ನು ಆರಿಸಿಕೊಂಡಾಗ ಅದು ತಾನಾಗಿಯೇ ಸೇರಿಕೊಳ್ಳುತ್ತದೆ. ಟ್ರಿಮ್ ಹಾಕಿದರೆ ಹೋಗುತ್ತದೆ. ಅಂಕಿ ಸೊನ್ನೆಯನ್ನು ಸಬ್‌ಸ್ಟಿಟ್ಯೂಟ್ ಫಂಕ್ಷನ್‌ನಿಂದ ಅನುಸ್ವಾರ ಮಾಡಿ. ಆದರೆ ಗಣಿತದ ಕಾಲಂಗೆ ಇದನ್ನು ಹಾಕಬೇಡಿ. ಅಲ್ಲಿ ‘೧೦’ ಅಂತ ಬರೆದ ಮಗುವಿನ ಸರಿಯುತ್ತರ ಕೆಟ್ಟುಹೋಗುತ್ತದೆ.

ಲ್ಯಾಬ್ ಮೇಷ್ಟ್ರು:
ಒಂದು ಮಾತು ಸೇರಿಸುತ್ತೇನೆ. ನೀವು ಅಳೆಯಬೇಕಾದ್ದು ಉಪಗ್ರಹ ಗೊತ್ತಿದೆಯೇ ಅನ್ನುವುದನ್ನು, ಟೈಪಿಂಗ್ ಅಲ್ಲ. ಅದಕ್ಕೆ ಚಿತ್ರ ಆರಿಸುವ ಪ್ರಶ್ನೆ ಸಾಕು. ಕಾಗುಣಿತ ನೋಡಬೇಕಿದ್ದರೆ ಕಾಗದದ ಮೇಲೆ ಬರೆಸುವುದೇ ಒಳ್ಳೆಯದು. ಇನ್ನು, ಸಲ್ಲಿಸಿದ ಕೂಡಲೇ ಅಂಕ ತೋರಿಸುವ ಆಯ್ಕೆಯನ್ನು ದಯವಿಟ್ಟು ಆಫ್ ಮಾಡಿ. ನೀವು ಒಮ್ಮೆ ನೋಡಿದ ಮೇಲೆಯೇ ಮಕ್ಕಳಿಗೆ ಕಾಣಲಿ. ಸಣ್ಣ ಮಕ್ಕಳಿಗೆ ಆ ಕೆಂಪು ಗುರುತು ತುಂಬ ನೋವು ಕೊಡುತ್ತದೆ.

ಅಂದ ಹಾಗೆ, ಒಂಬತ್ತನೆಯ ಮಗು ಏನು ಬರೆದಿತ್ತು?

ಮೂರನೇ ಕ್ಲಾಸ್ ಟೀಚರ್:
‘ಚಂದಿರ’ ಅಂತ ಬರೆದಿದ್ದಾಳೆ! ಅದೂ ಸರಿಯೇ. ನಾನೇ ಗಮನಿಸಿರಲಿಲ್ಲ. ಅವಳಿಗೂ ಅಂಕ ಕೊಟ್ಟೆ, ಸರಿಯುತ್ತರಗಳ ಪಟ್ಟಿಗೂ ಸೇರಿಸಿದೆ. ಆ ಇಬ್ಬರದ್ದು ಖಾಲಿ ಜಾಗವೇ, ಟ್ರಿಮ್‌ನಿಂದ ಸರಿಹೋಯಿತು. ಅಂಕ ತೋರಿಸುವುದನ್ನು ಆಫ್ ಮಾಡಿದ್ದೇನೆ. ಅತ್ತ ಹುಡುಗನಿಗೆ ನಾಳೆ ಎರಡೂ ಸೊನ್ನೆಗಳನ್ನು ಕೀಬೋರ್ಡ್‌ನಲ್ಲಿ ತೋರಿಸುತ್ತೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.